ಮಡೆಪ್ಪನ ಬದಲಿಗೆ ನಡೆದವರು

ಭಾತಂಬ್ರಾದ ಮಡೆಪ್ಪ ತನ್ನ ಐವತ್ತೆರಡು ವರ್ಷದ ಬಾಳಿನಲ್ಲಿ ಸ್ವತಃ ಮಾಡಿದ ಕೆಲಸ ಎರಡೇ ಎರಡು. ಒಂದು ಕುರಿ ಕಾದದ್ದು, ಇನ್ನೊಂದು ಬೇವಿನ ಮರದಿಂದ ಬಿದ್ದದ್ದು. ಉಳಿದದ್ದೆಲ್ಲ ಬದಲಿಯವರ ಕೈಯಿಂದ ನಡೆದುಹೋಗಿತ್ತು.

ಇದನ್ನು ಸೋಮಾರಿತನ ಎನ್ನುವವರು ನಿಜಾಮರ ಕಾಲವನ್ನು ಕಂಡವರಲ್ಲ. ಜಾಗೀರದಾರರು ಹೈದರಾಬಾದಿನಲ್ಲಿದ್ದರು, ಅವರ ಬದಲಿಗೆ ಊರಿಗೆ ನಾಯಬ ಬರುತ್ತಿದ್ದ. ನಾಯಬನಿಗೆ ಬಿಸಿಲು ತಡೆಯದು ಎಂದು ಅವನ ಬದಲಿಗೆ ಗುಮಾಸ್ತ ಬರುತ್ತಿದ್ದ. ಗುಮಾಸ್ತನಿಗೂ ಒಬ್ಬ ಭಾವಮೈದುನ ಇದ್ದ. ಹೀಗಿರುವಾಗ ಒಬ್ಬ ಕುರುಬ ತಾನೇ ಎಲ್ಲ ಕಡೆ ಓಡಾಡಿದರೆ ಅದು ದೊಡ್ಡವರಿಗೆ ಅವಮಾನ ಮಾಡಿದ ಹಾಗೆಯೇ ಆಗುತ್ತಿತ್ತು. ಕೋರ್ಟಿಗೆ ಹೋಗಬೇಕಾದರೆ ಮಡೆಪ್ಪನ ಅಣ್ಣ ಹೋಗುತ್ತಿದ್ದ, ಸತ್ತವರ ಮನೆಗೆ ಹೋಗಿ ಅಳಬೇಕಾದರೆ ಅತ್ತಿಗೆ ಹೋಗುತ್ತಿದ್ದಳು. ಖಟಕ ಚಿಂಚೋಳಿಗೆ ಹೆಣ್ಣು ನೋಡಲು ಸಹ ಅವನ ಬದಲಿಗೆ ಸೋದರಮಾವ ಹೋಗಿ ಬಂದಿದ್ದ. ಮಾವ ನೋಡಿ ಒಪ್ಪಿದ ಆ ಹುಡುಗಿಯೇ ಸತ್ಯಮ್ಮ. ಅಂಥ ಹೆಂಡತಿ ಸಿಕ್ಕ ಮೇಲೆ ಬದಲಿಯವರ ಮೇಲೆ ಮಡೆಪ್ಪನಿಗೆ ಗಟ್ಟಿ ನಂಬಿಕೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಇನ್ನು ಬೇವಿನ ಮರದ ಸಂಗತಿ. ಪೊಲೀಸ್ ಆ್ಯಕ್ಷನ್ ಎಂದು ಭಾರತದ ಫೌಜು ನಿಜಾಮರ ರಾಜ್ಯದೊಳಗೆ ಬಂದ ಆ ಭಾದ್ರಪದದಲ್ಲಿ ಊರಿನವರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಾಗ, ಮರಿಗಳಿಗೆ ಸೊಪ್ಪು ಬೇಕೆಂದು ಮಡೆಪ್ಪ ಮರ ಹತ್ತಿದ್ದ. ನೆತ್ತಿಯ ಮೇಲೆ ಒಂದು ವಿಮಾನ ಹಾರಿತು. ಒಳಗೆ ಯಾರಿದ್ದಾರೋ, ಯಾವ ಸರ್ಕಾರದವರೋ, ಮರ್ಯಾದೆ ಕೊಟ್ಟರೆ ನಷ್ಟವೇನು ಎಂದು ಅವನು ಕೈ ಎತ್ತಿ ಸಲಾಮು ಮಾಡಿದ. ಟೊಂಗೆ ಹಿಡಿದಿದ್ದದ್ದೂ ಅದೇ ಕೈ. ವಿಮಾನದವರು ಸಲಾಮು ಕಂಡರೋ ಇಲ್ಲವೋ ತಿಳಿಯದು, ಮಡೆಪ್ಪನ ಬಲತೊಡೆಯ ಎಲುಬು ಮಾತ್ರ ಮುರಿಯಿತು.

ಠಾಣಾ ಕುಶನೂರದಿಂದ ಅವನ ಸೋದರತ್ತೆ ಕೇಶರಬಾಯಿ ನಾಟಿ ವೈದ್ಯನೊಬ್ಬನನ್ನು ಕರೆತಂದಳು. ಅವನು ಬಿದಿರಿನ ಪಟ್ಟಿ ಕಟ್ಟಿ, ಐದು ತಿಂಗಳು ಅಲುಗಾಡಬೇಡ ಎಂದ. ಮಡೆಪ್ಪ ಆ ಮಾತನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದನೆಂದರೆ, ಎಲುಬೇನೋ ಕೂಡಿತು, ತೊಡೆ ಒಣಗಿಹೋಯಿತು. ನಿಂತರೆ ಕಾಲು ನಡುಗುತ್ತಿತ್ತು, ನಡೆಯುವ ಮಾತೇ ಇರಲಿಲ್ಲ.

ಕುರುಬರ ದೈವ, ಅಂದರೆ ಹಿರಿಯರ ಪಂಚಾಯಿತಿ, ಸೇರಿತು. ಯುಗಾದಿಯ ಮರುದಿನ ಹಿಂಡುಗಳೆಲ್ಲ ಮಾಂಜ್ರಾ ನದಿಯ ದಂಡೆಗೆ ಹೊರಡುವುದು ವಾಡಿಕೆ. ಮೂವತ್ತು ವರ್ಷದಿಂದ ಬಡಿಗೆ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವನು ಮಡೆಪ್ಪ. ಹಿರಿಯರು ಮೆತ್ತಗೆಯೇ ಹೇಳಿದರು: "ಮಡೆಪ್ಪಾ, ಯುಗಾದಿಗಿ ನೀ ನಿನ್ನ ಕಾಲ್ಮ್ಯಾಲ ಮುಂದ ನಡದ್ರ ಬಡಿಗಿ ನಿಂದು. ಇಲ್ಲಂದ್ರ ನಿಮ್ಮಣ್ಣನ ಮಗಗ ಕೊಟ್ಬಿಡು. ಕಟ್ಟಿ ಮ್ಯಾಲ ಕುಂತು ಆರಾಮ ಇರು."

ಕಟ್ಟೆಯ ಮೇಲೆ ಆರಾಮ ಇರುವುದನ್ನು ನೆನೆಸಿಕೊಂಡೇ ಮಡೆಪ್ಪನ ಕಣ್ಣಲ್ಲಿ ನೀರು ಬಂತು. ಸತ್ಯಮ್ಮ ಆ ಕಣ್ಣೀರು ನೋಡಿದಳು. ಮರುದಿನವೇ ತನ್ನ ತಮ್ಮ ವೈಜಿನಾಥನನ್ನು ಕರೆಸಿ, ಗಂಡನನ್ನು ಎತ್ತಿನ ಗಾಡಿಯಲ್ಲಿ ಭಾಲ್ಕಿಗೆ, ಭಾಲ್ಕಿಯಿಂದ ರೈಲಿನಲ್ಲಿ ಬೀದರಿಗೆ ಸಾಗಿಸಿದಳು. ತಾನು ಕುರಿ ನೋಡಿಕೊಳ್ಳಲು ಊರಲ್ಲೇ ಉಳಿದಳು.

ಬೀದರಿನ ಆ ದವಾಖಾನೆಯಲ್ಲಿ ಮುರಿದು ಕೂಡಿದ ಕಾಲುಗಳಿಗೆ ಮತ್ತೆ ನಡೆಯಲು ಕಲಿಸುವ ಒಂದು ವಾರ್ಡಿತ್ತು. ವಾರ್ಡಿಗೆ ಯಜಮಾನ ಕಂಪೌಂಡರ್ ಫಕ್ರೋದ್ದೀನ. ಗೋರಂಟಿ ಹಚ್ಚಿದ ಗಡ್ಡ, ಗುಂಡಿ ಹೋದ ಬಿಳಿ ಕೋಟು. ಫೌಜು ಬಂದಾಗಿನ ಗಲಾಟೆಯ ನಂತರ ಅರ್ಧ ಸಿಬ್ಬಂದಿ ಊರು ಬಿಟ್ಟಿದ್ದರಿಂದ ನಾಲ್ಕು ಜನರ ಕೆಲಸ ಅವನೊಬ್ಬನ ತಲೆಯ ಮೇಲಿತ್ತು. ಹಾಗಿದ್ದರೂ ಹೊಸ ರೋಗಿ ಬಂದರೆ ಅವನ ಪಲಂಗದ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಮುಂದಿನದನ್ನೆಲ್ಲ ಬಿಡಿಸಿ ಹೇಳುವ ಪದ್ಧತಿಯನ್ನು ಅವನು ಬಿಟ್ಟಿರಲಿಲ್ಲ.

"ಕೇಳ್ರಿ ಮಡೆಪ್ಪ, ಇಲ್ಲಿ ಏನೇನಾಗ್ತದ ಮೊದ್ಲೇ ಹೇಳ್ತೀನಿ, ಆಮ್ಯಾಲ ಗೊತ್ತಿರಲಿಲ್ಲ ಅನ್ನಬ್ಯಾಡ್ರಿ. ದಿನಾ ಮುಂಜಾನಿ ಬಂದು ತೊಡಿಗಿ ಎಣ್ಣಿ ಹಚ್ಚಿ ತಿಕ್ತೀನಿ. ನೀವು ಒದರ್ತೀರಿ. ಒದರ್ರಿ, ಮನಾ ಇಲ್ಲ, ಬ್ಯಾಡ ಅನ್ನಂಗಿಲ್ಲ. ಊಟ ಎದ್ದು ಕುಂತು ಮಾಡಬೇಕು. ಧೋತರ ನೀವೇ ಉಟ್ಕೋಬೇಕು. ಇಲ್ಲಿ ಯಾರೂ ನಿಮಗ ಎತ್ತಿ ಕೂಡ್ಸಂಗಿಲ್ಲ, ಅದು ಸಿಟ್ಟಿಗಿ ಅಲ್ಲ, ಅದೇ ದವಾ. ಮಧ್ಯಾಹ್ನ ಹೊರಗ ವರಾಂಡದಾಗ ಹಿಡ್ಕೊಂಡು ನಡೀಲಾಕ ಎರಡು ಬಿದಿರಿನ ಗಳ ಕಟ್ಟೇನಲ್ಲ, ಅದ್ರ ನಡುವ ಇಪ್ಪತ್ತು ಸುತ್ತು. ಮೊದ್ಲು ಒಂದು, ಆಮ್ಯಾಲ ಎರಡು, ಹಿಂಗ ಏರ್ಸಕೋತ ಇಪ್ಪತ್ತು. ಹೈದರಾಬಾದಿಂದ ದೊಡ್ಡ ಡಾಕ್ಟರ್ ಸಾಹೇಬ್ರು ಬಂದು ನೋಡ್ತಾರ. ಇಪ್ಪತ್ತು ಸುತ್ತಾಗಿ ಮೂರು ಮೆಟ್ಟಲ ಹತ್ತಿ ಇಳದ್ರ ಮನಿಗಿ. ತಿಳೀತೇನ್ರಿ?"

"ತಿಳೀತ್ರಿ ಸಾಹೇಬ್ರ. ಯುಗಾದಿ ಒಳಗ ಆಗ್ತದೇನ್ರಿ?"

"ದಿನಾ ಸುತ್ತು ಬಿದ್ರ ಆಗ್ತದ."

ಸುತ್ತು ಬಿದ್ದದ್ದನ್ನು ತಿಳಿಯಲು ಫಕ್ರೋದ್ದೀನ ಒಂದು ಉಪಾಯ ಮಾಡಿದ್ದ. ಗಳಗಳ ಈ ತುದಿಯಲ್ಲಿ ಒಂದು ಬುಟ್ಟಿ ಹುಣಸೆ ಬೀಜ, ಆ ತುದಿಯಲ್ಲಿ ಪ್ರತಿ ಪಲಂಗದ ನಂಬರು ಬರೆದ ಒಂದೊಂದು ಗಡಿಗೆ. ಒಂದು ಸುತ್ತಿಗೆ ಒಂದು ಬೀಜ. ಮಧ್ಯಾಹ್ನವೆಲ್ಲ ಅವನು ಪಟ್ಟಿ ಕಟ್ಟುವ ಕೋಣೆಯಲ್ಲಿರುತ್ತಿದ್ದ. ಸಂಜೆ ಬಂದು ಗಡಿಗೆ ಮಗುಚಿ ಬೀಜ ಎಣಿಸಿಕೊಳ್ಳುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದು ಬೀಜವೂ ಅವನಿಗೆ ಸುಳ್ಳು ಹೇಳಿರಲಿಲ್ಲ.

ಮೊದಲ ಮಧ್ಯಾಹ್ನ ವೈಜಿನಾಥ ಮಡೆಪ್ಪನನ್ನು ಹೆಗಲಿಗೆ ಆನಿಸಿಕೊಂಡು ವರಾಂಡಕ್ಕೆ ತಂದು ನಿಲ್ಲಿಸಿದ. ಗಡಿಗೆ ಇದ್ದದ್ದು ಹತ್ತು ಹೆಜ್ಜೆ ಆಚೆ. ಮಡೆಪ್ಪ ಒಂದು ಬೀಜ ಹಿಡಿದು ಬಲಗಾಲು ಮುಂದಿಟ್ಟ. ತೊಡೆ ಗಡಗಡ ನಡುಗಿತು. ಬೇವಿನ ಮರ, ಟೊಂಗೆ, ನೆಲ ಎಲ್ಲ ಒಂದೇ ಸಲ ಕಣ್ಣಮುಂದೆ ಬಂದವು. ಅವನು ಅಲ್ಲೇ ಕುಸಿದು ಕೂತ.

"ಆಗಂಗಿಲ್ಲೋ ವೈಜ್ಯಾ," ಎಂದ.

ವೈಜಿನಾಥ ಒಳ್ಳೆಯ ಮನುಷ್ಯ. ಯಾರ ಸಂಕಟವನ್ನೂ ನೋಡಿಕೊಂಡು ಸುಮ್ಮನಿರಲಾರ. ಈ ಗುಣದಿಂದಲೇ ಜಗತ್ತಿನಲ್ಲಿ ಎಷ್ಟೋ ಅನಾಹುತಗಳಾಗಿವೆ. ಅಕ್ಕನ ಗಂಡನನ್ನು ಮಾವ ಎಂದೇ ಕರೆಯುತ್ತಿದ್ದ ಅವನು ಗಲ್ಲ ಕೆರೆದುಕೊಂಡ.

"ಮಾವ, ನಮ್ಮವ್ವಗ ಚಳಿಜ್ವರ ಬಂದಿತ್ತಲ್ಲ, ಆಗ ಮೈಲಾರ ಮಲ್ಲಣ್ಣಗ ಹರಕಿ ಹೊತ್ತಿದ್ಳು. ಗುಡಿ ಸುತ್ತ ಮೈಯೆಲ್ಲ ನೆಲಕ್ಕ ಹಚ್ಚಿ ದೀಡ ನಮಸ್ಕಾರ ಹಾಕ್ದವ ಯಾರು?"

"ನೀನೇ."

"ಜ್ವರ ಬಿಟ್ಟಿದ್ದು ಯಾರಿಗಿ?"

"ನಿಮ್ಮವ್ವಗ."

"ಅಂದ್ಮ್ಯಾಲ ಇದ್ರಾಗ ಏನದ? ಸುತ್ತು ನಾ ಹಾಕ್ತೀನಿ. ಕಾಲು ನಿಮ್ದು ನೆಟ್ಟಗಾಗ್ತದ."

ಮಡೆಪ್ಪ ಭಾವಮೈದುನನ ಮುಖವನ್ನೇ ನೋಡಿದ. ಇಷ್ಟು ಸರಳವಾದ ಮಾತು ತನಗೇ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಪಕ್ಕದ ಪಲಂಗದ ಅಬ್ದುಲ ವಾಹೀದ, ಬೀದರಿನ ದರ್ಜಿ, ಸೊಂಟ ಮುರಿದುಕೊಂಡು ಮಲಗಿದ್ದವನು, ಕಿಟಕಿಯಿಂದ ಇದನ್ನು ಕೇಳಿ ತಲೆದಿಂಬಿನಿಂದಲೇ ಕೈ ಎತ್ತಿದ. "ಖುದಾ ಎಲ್ಲರಿಗೂ ಇಂಥವ್ನ ಕೊಡ್ಲಿ. ನನಗೂ ಒಬ್ಬ ಸಾಲಾ, ಹೆಂಡ್ತಿ ತಮ್ಮ, ಇದ್ದಾನ, ಎಲಿ ಅಡಿಕಿ ತಾ ಅಂದ್ರ ನಾಕು ದಿನ ಕಾಣಂಗಿಲ್ಲ."

ಆ ದಿನ ವೈಜಿನಾಥ ಚಪ್ಪಲಿ ಬಿಟ್ಟು, ತಲೆಗೆ ರುಮಾಲು ಸುತ್ತಿ, ಭಕ್ತಿಯಿಂದ ಇಪ್ಪತ್ತು ಸುತ್ತು ಹಾಕಿದ. ಸಂಜೆ ಫಕ್ರೋದ್ದೀನ ಏಳನೆಯ ನಂಬರಿನ ಗಡಿಗೆ ಮಗುಚಿದ. ಎಣಿಸಿದ. ಮತ್ತೊಮ್ಮೆ ಎಣಿಸಿದ. ಮೊದಲ ದಿನವೇ ಇಪ್ಪತ್ತು! ಅವನು ಓಡುತ್ತ ಒಳಗೆ ಬಂದು ಮಡೆಪ್ಪನ ಎರಡೂ ಕೈ ಹಿಡಿದುಕೊಂಡ.

"ಶಾಬಾಶ್ ಮಡೆಪ್ಪ! ಬಹಳ ತ್ರಾಸ ಆಯ್ತೇನ್ರಿ?"

"ಸ್ವಲ್ಪ ಬೆವರು ಬಂತ್ರಿ," ಎಂದ ಮಡೆಪ್ಪ. ಬೆವರು ಯಾರಿಗೆ ಬಂತು ಎಂದು ಹೇಳುವುದು ಅವನಿಗೆ ಮುಖ್ಯವಾಗಿ ಕಾಣಲಿಲ್ಲ. ಹರಕೆ ಯಾರದೆಂದು ದೇವರಿಗೆ ಗೊತ್ತಿರುತ್ತದೆ, ದವಾಖಾನೆಗೂ ಗೊತ್ತಿರಬಹುದು ಎಂದುಕೊಂಡಿದ್ದ.

ಸುದ್ದಿ ಊರಿಗೆ ಮುಟ್ಟಿತು. ಮಡೆಪ್ಪನಿಗಾಗಿ ಬೀದರಿನಲ್ಲಿ ಸುತ್ತು ಹಾಕುವುದಿದೆಯಂತೆ ಎಂದ ಮೇಲೆ ನೆಂಟರು ಸುಮ್ಮನೆ ಕೂಡುತ್ತಾರೆಯೇ? ಮೊದಲು ಬಂದವಳು ಕೇಶರಬಾಯಿ. ತಲೆಯ ಮೇಲೆ ಜೋಳದ ರೊಟ್ಟಿಯ ಗಂಟು, ಕೈಯಲ್ಲಿ ತೆಂಗಿನಕಾಯಿ. ಗಳಗಳಿಗೆ ಅರಿಶಿನ ಕುಂಕುಮ ಹಚ್ಚಿ, ಮೆಟ್ಟಿಲಿಗೆ ಕಾಯಿ ಒಡೆದು, ಐದು ಸುತ್ತು ಹಾಕಿ ಬಂದು ಪಲಂಗದ ಮೇಲೆ ಕೂತಳು.

"ಮಡ್ಯಾ, ಈಗ ಹ್ಯಾಂಗ ಅನ್ನಿಸ್ತದೋ?"

"ಒಂದೀಟು ಹಗುರಾಗ್ಯಾದ ಅತ್ತಿ."

"ಆಗ್ಲೇಬೇಕು. ನಾ ಉಪವಾಸ ಇದ್ದು ಹಾಕೀನಿ." ಎರಡನೆಯ ದಿನ ಇನ್ನೈದು ಹಾಕಿದಳು. ನಾಲ್ಕನೆಯ ದಿನಕ್ಕೆ, ಹನ್ನೆರಡು ವರ್ಷದಿಂದ ಕಾಡುತ್ತಿದ್ದ ಅವಳ ಸೊಂಟನೋವು ಮಾಯವಾಯಿತು. ಪುಣ್ಯ ದಾರಿ ತಪ್ಪಿ ತನಗೆ ಬಂತೇನೋ ಎಂದು ಅವಳು ಮಡೆಪ್ಪನ ಮುಂದೆ ಬಹಳ ನೊಂದುಕೊಂಡಳು.

ಇದನ್ನು ಕಂಡು ವಾಹೀದನ ಹೆಂಡತಿ ಶಾಕಿರಾ ಬೇಗಂ ಊದಿನ ಹೊಗೆ ಹಾಕಿಸಿ, ಬುರ್ಖಾದೊಳಗೇ ಗಂಡನ ಹೆಸರಿನಲ್ಲಿ ಹತ್ತು ಸುತ್ತು ಹಾಕಿದಳು. ಹನ್ನೆರಡನೆಯ ನಂಬರಿನವನ ಬದಲಿಗೆ ಅವನ ಬೀಗರು ಬಂದರು. ವಾರದೊಳಗೆ ವರಾಂಡದಲ್ಲಿ ಸಾಲು ನಿಂತಿತು. ಒಳಗೆ ರೋಗಿಗಳೆಲ್ಲ ದಿಂಬಿಗೆ ಒರಗಿ ಎಲೆ ಅಡಿಕೆ ಮೆಲ್ಲುತ್ತಿದ್ದರು, ಹೊರಗೆ ಗಟ್ಟಿಮುಟ್ಟಾದವರು ಸರದಿಯ ಮೇಲೆ ನಡೆಯುತ್ತಿದ್ದರು. ಬೀದರಿನಲ್ಲಿ ಅಷ್ಟು ಜನ ಅಷ್ಟು ಶ್ರದ್ಧೆಯಿಂದ ಆರೋಗ್ಯವಂತರಾದದ್ದು ಹಿಂದೆ ನಡೆದಿರಲಿಕ್ಕಿಲ್ಲ.

ಫಕ್ರೋದ್ದೀನನಿಗೆ ಕಂಡದ್ದು ಗಳಗಳ ಮೇಲಿನ ಅರಿಶಿನ ಮಾತ್ರ.

"ಇದೇನ್ರಿ ಮಡೆಪ್ಪ?"

"ಬಿದಿರಿಗಿ ಹುಳ ಹತ್ತಬಾರ್ದು ಅಂತ ನಮ್ಮತ್ತಿ ಹಚ್ಯಾಳ್ರಿ."

ಒಂದು ದಿನ ಏಳನೆಯ ಗಡಿಗೆಯಲ್ಲಿ ಅರವತ್ತಮೂರು ಬೀಜ ಸಿಕ್ಕವು. ಮುಂಜಾನೆ ತೊಡೆ ತಿಕ್ಕುವಾಗ ಮಾತ್ರ ಫಕ್ರೋದ್ದೀನ ಗಡ್ಡ ಕೆರೆದುಕೊಳ್ಳುತ್ತಿದ್ದ. "ನಡಿಗಿ ಇಷ್ಟದ, ಮಾಂಸ ಯಾಕ ಬರವಲ್ದು?" ಎಂದು ತಲೆ ಅಲ್ಲಾಡಿಸಿ, ಹಾಲು ಎರಡು ಪಾವು ಹೆಚ್ಚಿಸಿದ, ದಿನಕ್ಕೆ ಎರಡು ಮೊಟ್ಟೆ ಬರೆದ. ಮಡೆಪ್ಪನಿಗೆ ಹೊಟ್ಟೆ ಬಂತು. ತೊಡೆ ಹಾಗೇ ಉಳಿಯಿತು.

ದೊಡ್ಡ ಡಾಕ್ಟರಿಗೆ ಬೇರೆ ಕೆಲಸ ಬಿದ್ದು ತಿಂಗಳು ಮೇಲಾದರೂ ಬೀದರಿಗೆ ಬರಲಾಗಿರಲಿಲ್ಲ. ಫಕ್ರೋದ್ದೀನ ತಡೆಯಲಾರದೆ ಕಾಗದ ಬರೆದ: ಏಳನೆಯ ನಂಬರಿನ ರೋಗಿ ಒಂದು ತಿಂಗಳಲ್ಲಿ ಒಂದು ಸಾವಿರಕ್ಕೂ ಮೇಲೆ ಸುತ್ತು ಹಾಕಿದ್ದಾನೆ, ದಯಮಾಡಿ ಬಂದು ನೋಡಬೇಕು. ಕಾಗದ ಓದಿದ ಡಾಕ್ಟರರು ಒಬ್ಬರೇ ಬರಲಿಲ್ಲ. ಪೆಟ್ಟಾದ ಸಿಪಾಯಿಗಳಿಗೂ ಇದೇ ಪದ್ಧತಿ ಹಚ್ಚಬಹುದೇನೋ ಎಂದು ಒಬ್ಬ ಫೌಜಿನ ಸಾಹೇಬನನ್ನೂ ಕರೆದುಕೊಂಡು ಬಂದರು.

ಅವರು ಬಂದದ್ದು ಯುಗಾದಿಗೆ ಒಂಬತ್ತು ದಿನ ಇದ್ದಾಗ, ಸರಿಯಾಗಿ ಮಧ್ಯಾಹ್ನ. ಫಕ್ರೋದ್ದೀನ ಪಟ್ಟಿ ಕಟ್ಟುವ ಕೋಣೆಯಲ್ಲಿದ್ದ. ಡಾಕ್ಟರರು ನೇರವಾಗಿ ವರಾಂಡಕ್ಕೆ ಬಂದು, "ಏಳನೇ ನಂಬರ್ ಯಾರ್ರಿ? ನಡದು ತೋರಸ್ರಿ," ಎಂದರು.

ಏಳನೆಯ ನಂಬರಿನ ಪರವಾಗಿ ಬೀಜ ಹಿಡಿದು ನಿಂತಿದ್ದ ವೈಜಿನಾಥ ನಡೆದು ತೋರಿಸಿದ. ಹೋದ, ಬಂದ, ಸಾಹೇಬರು ದೊಡ್ಡವರಿದ್ದಾರೆಂದು ಕೊನೆಗೆ ಒಂದು ಸಣ್ಣ ಓಟವನ್ನೂ ಓಡಿದ. ಡಾಕ್ಟರರು ಅವನನ್ನು ಬೆಂಚಿನ ಮೇಲೆ ಮಲಗಿಸಿ ತೊಡೆ ಒತ್ತಿ, ಮಡಿಚಿ, ಅಳತೆ ಹಿಡಿದು, ಫೌಜಿನ ಸಾಹೇಬನ ಕಡೆ ಹೆಮ್ಮೆಯಿಂದ ನೋಡಿ, ಸಾಲಿನಲ್ಲಿ ನಿಂತವರಿಗೆ ಹೇಳಿದರು.

"ನೋಡ್ರಿ! ಎಲ್ಲಿ ಮುರಿದಿತ್ತು ಅಂಬೋದೇ ತಿಳಿಯಂಗಿಲ್ಲ!"

"ಮುರದೇ ಇಲ್ರಿ ಸಾಹೇಬ್ರ," ಎಂದ ವೈಜಿನಾಥ ವಿನಯದಿಂದ.

"ಭೇಷ್! ನಾಳಿಗೇ ಮನಿಗಿ ಕಳಸ್ರಿ ಇವ್ರಿಗಿ."

"ನಾ ಹ್ಯಾಂಗ ಹೋಗ್ಲಿರಿ? ನಮ್ಮ ಮಾವಗ ಇನ್ನಾ ನಿಂದ್ರಲಾಕೇ ಬರಂಗಿಲ್ಲ."

ಆಗ ಡಾಕ್ಟರರು ಕಿಟಕಿಯಿಂದ ಒಳಗೆ ನೋಡಿದರು. ಏಳನೆಯ ಪಲಂಗದ ಮೇಲೆ ಮಡೆಪ್ಪ ಮೊಟ್ಟೆ ಸುಲಿಯುತ್ತ ಕೂತಿದ್ದ. ಪಟ್ಟಿಯ ಸುರುಳಿ ಕೈಯಲ್ಲಿ ಹಿಡಿದೇ ಓಡಿಬಂದ ಫಕ್ರೋದ್ದೀನ ಸಾಲು ನೋಡಿದ, ಬೆಂಚಿನ ಮೇಲಿನ ವೈಜಿನಾಥನನ್ನು ನೋಡಿದ, ಕೊನೆಗೆ ಗಡಿಗೆ ನೋಡಿದ.

ಡಾಕ್ಟರರು ಗುಡುಗಿದರು. ನಿನ್ನ ಕಾಲಿಗೆ ಅವನು ನಡೆದರೆ ಹೇಗೆ ಎಂದು ಕೇಳಿದರು. ಮಡೆಪ್ಪನಿಗೆ ಈ ಸಿಟ್ಟಿನ ಕಾರಣವೇ ತಿಳಿಯಲಿಲ್ಲ. ಅವನು ಕೈ ಮುಗಿದು ಸಾವಕಾಶವಾಗಿ ವಿವರಿಸಿದ.

"ಸಾಹೇಬ್ರ, ನಿಜಾಮ ಸರ್ಕಾರ ಹೈದರಾಬಾದದಾಗ ಸುಮ್ನ ಕುಂತಾರ. ಅವ್ರ ಬದ್ಲಿ ಫೌಜಿನವ್ರು ರಾಜ್ಯ ಮಾಡ್ಲತ್ತಾರ. ಅಷ್ಟು ದೊಡ್ಡ ರಾಜ್ಯೇ ಬದ್ಲಿ ಮ್ಯಾಲ ನಡೀಬೇಕಾದ್ರ, ನಂದು ಒಂದು ಕಾಲು ನಡೀಬಾರ್ದೇನ್ರಿ?"

ಫೌಜಿನ ಸಾಹೇಬನಿಗೆ ಕನ್ನಡ ಬರುತ್ತಿರಲಿಲ್ಲ, ಏನು ಹೇಳಿದ ಎಂದು ಕೇಳಿದ. ಫಕ್ರೋದ್ದೀನ ಒಂದಕ್ಷರವೂ ಬಿಡದೆ ಉರ್ದುವಿನಲ್ಲಿ ಹೇಳಿದ. ಸಾಹೇಬ ಮೊದಲು ಮೀಸೆ ತಿರುವಿದ, ಆಮೇಲೆ ನಗಲು ಶುರುಮಾಡಿ ಗೋಡೆ ಹಿಡಿದು ನಿಲ್ಲಬೇಕಾಯಿತು. ಆ ನಗುವಿನಿಂದ ಮಡೆಪ್ಪನಿಗೆ ಎಂಟು ದಿನದ ಗಡುವು ಸಿಕ್ಕಿತು. ಯುಗಾದಿಯ ಹಿಂದಿನ ದಿನ ಡಾಕ್ಟರರು ಮತ್ತೆ ಬರುತ್ತಾರೆ. ಅವರ ಕಣ್ಣೆದುರು ಅವನೇ ಇಪ್ಪತ್ತು ಸುತ್ತು ಹಾಕಬೇಕು, ಇಲ್ಲದಿದ್ದರೆ ಊರುಗೋಲು ಕೊಟ್ಟು ಕಳಿಸಿಬಿಡುವುದು. ಅಲ್ಲಿಯವರೆಗೆ ನೆಂಟರಿಗೆ ಗಳ ಮುಟ್ಟಲು ಮನಾಯಿ. ಹಾಗೂ ಕಂಪೌಂಡರ್ ಫಕ್ರೋದ್ದೀನ ಲಿಖಿತ ಜವಾಬು ಕೊಡಬೇಕು.

ವೈಜಿನಾಥ ಅಳುತ್ತ ಊರಿಗೆ ಹೋದ. ಸಂಜೆ ಫಕ್ರೋದ್ದೀನ ಸ್ಟೂಲು ತಂದು ಪಲಂಗದ ಪಕ್ಕ ಕೂತ. ಬೈಯುತ್ತಾನೆಂದು ಮಡೆಪ್ಪ ಕಂಬಳಿ ಎಳೆದುಕೊಂಡ. ಅವನು ಬೈಯಲಿಲ್ಲ.

"ಮಡೆಪ್ಪ, ನಮ್ಮ ಅಣ್ಣ, ತಮ್ಮ ಇಬ್ರೂ ಊರು ಬಿಟ್ಟು ಹೋದ್ರು. ನೀ ಬಾ ಅಂತ ಹತ್ತು ಸಲ ಕಾಗದ ಬರದ್ರು. ನಾ ಹೋದ್ರ ಈ ತೊಡಿ ಯಾರು ತಿಕ್ತಾರ, ಇವ್ರಿಗಿ ಯಾರು ಎಬ್ಬಸ್ತಾರ ಅಂತ ಹುಡಕ್ದೆ. ಬದ್ಲಿ ಮನುಷ್ಯಾ ಸಿಗಲಿಲ್ಲ. ಅದ್ಕ ನಿಂತೀನಿ." ಅವನು ಎದ್ದು ನಿಂತ. "ಕೆಲವು ಕೆಲ್ಸ ಹಿಂಗೇ ಇರ್ತಾವ ನೋಡ್ರಿ."

ಮಡೆಪ್ಪ ಕಂಬಳಿ ಸರಿಸಿ ಎದ್ದು ಕೂತ. ಆ ದಿನದ ಎರಡನೆಯ ಮೊಟ್ಟೆ ಹಾಗೇ ಉಳಿಯಿತು.

ಅವನು ಪ್ರಯತ್ನ ಮಾಡಲಿಲ್ಲವೆಂದಲ್ಲ. ಮರುದಿನದಿಂದ ಫಕ್ರೋದ್ದೀನ ಕೋಣೆ ಬಿಟ್ಟು ಗಳಗಳ ಹತ್ತಿರವೇ ನಿಂತ. ಮಡೆಪ್ಪ ಎದ್ದು ನಿಲ್ಲುವುದನ್ನು ಕಲಿತ. ಒಂದು ಹೆಜ್ಜೆ ಇಟ್ಟ, ಎರಡು ಇಟ್ಟ. ಮೂರನೆಯದಕ್ಕೆ ತೊಡೆ ನಡುಗಿ ಬೇವಿನ ಮರ ನೆನಪಾಗುತ್ತಿತ್ತು, ಅಲ್ಲೇ ಬೆಂಚಿಗೆ ಕುಸಿಯುತ್ತಿದ್ದ. "ಕಾಲಿಗಿ ಈಗ ಶಕ್ತಿ ಅದ್ರಿ, ಅಂಜಿಕಿ ಒಂದು ಬಿಡ್ರಿ," ಎಂದು ಫಕ್ರೋದ್ದೀನ ಹೇಳುತ್ತಿದ್ದ. ಹೇಳಿದರೆ ಅಂಜಿಕೆ ಬಿಡುವುದಾಗಿದ್ದರೆ ಜಗತ್ತಿನಲ್ಲಿ ಯಾರೂ ಅಂಜುತ್ತಿರಲಿಲ್ಲ. ನಾಲ್ಕು ದಿನ ಏಳನೆಯ ಗಡಿಗೆಯಲ್ಲಿ ಒಂದು ಬೀಜವೂ ಬೀಳಲಿಲ್ಲ.

ಐದನೆಯ ದಿನ ಮಧ್ಯಾಹ್ನ ಸತ್ಯಮ್ಮ ಬಂದಳು. ಭಾಲ್ಕಿಯ ರೈಲಿನಿಂದ ಇಳಿದು ನಡೆದೇ ಬಂದಿದ್ದಳು. ಮಡೆಪ್ಪ ವರಾಂಡದ ಬೆಂಚಿನ ಮೇಲೆ ಕೂತಿದ್ದ. ಅವಳು ಮೊದಲು ಅವನ ಹೊಟ್ಟೆ ನೋಡಿ ಸಮಾಧಾನಪಟ್ಟಳು, ಆಮೇಲೆ ಗಡಿಗೆಯೊಳಗೆ ಬಗ್ಗಿ ನೋಡಿ ಗಾಬರಿಯಾದಳು.

"ಖಾಲಿ ಅದಲ್ರಿ! ವೈಜ್ಯಾ ಊರಿಗಿ ಬಂದು ಬರೀ ಅಳ್ಲತ್ತಾನ, ಅವ ಬಂದ ಮ್ಯಾಲ ಇಲ್ಲಿ ಯಾರೂ ಹಾಕಿಲ್ಲೇನು? ಯುಗಾದಿ ನಾಕು ದಿನ ಉಳದದ."

"ಏ ಸತ್ಯವ್ವ, ಹಂಗಲ್ಲ, ಕೇಳಿಲ್ಲಿ..."

ಅವಳು ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಬೀಜ ತೆಗೆದುಕೊಂಡು ಗಳಗಳ ನಡುವೆ ನಡೆದೇಬಿಟ್ಟಳು. ಶಾಕಿರಾ ಬೇಗಂ ಕಿಟಕಿಯಿಂದ "ಮನಾ ಅದ ಬಾಯಿ, ಹಾಕಬ್ಯಾಡ್ರಿ," ಎಂದು ಕೂಗಿದಳು. ಫಕ್ರೋದ್ದೀನ ತಡೆಯಲು ಬಂದವನು, ಏನನ್ನೋ ನೋಡಿ ಅಲ್ಲೇ ನಿಂತ.

ಅವನು ನೋಡಿದ್ದು ಅವಳ ಎಡಗಾಲನ್ನು. ಮಡೆಪ್ಪನೂ ಆಗಲೇ ನೋಡಿದ. ಸತ್ಯಮ್ಮ ಕುಂಟುತ್ತಿದ್ದಳು. ಮಂಡಿ ಊದಿಕೊಂಡಿತ್ತು, ಅದಕ್ಕೆ ಹಳೆಯ ಸೀರೆಯ ಅರಿವೆ ಬಿಗಿದಿದ್ದಳು.

"ಸತ್ಯವ್ವ, ಕಾಲಿಗಿ ಏನಾಗ್ಯಾದ?"

"ಏನಿಲ್ರಿ."

"ಏನಿಲ್ಲಂದ್ರ ಹಿಂಗ್ಯಾಕ ನಡೀಲತ್ತಿ?"

"ಕುರಿ ಹಿಂದ ತಿರಗಾಡಿ ಒಂದೀಟು ನೂಸ್ತದ. ಆರು ತಿಂಗಳಾತಲ್ರಿ." ಅವಳು ನಿಲ್ಲದೆಯೇ ಹೇಳಿದಳು. "ಕುರಿಗೋಳು ನಿಮ್ಮ ನಡಿಗಿಗಿ ರೂಢಿ ಆಗ್ಯಾವ. ಜೋರು ನಡೀಬೇಕಾಗ್ತದ."

ಮೂವತ್ತು ವರ್ಷದಲ್ಲಿ ಮಡೆಪ್ಪನ ಬದಲಿಗೆ ಎಷ್ಟೋ ಜನ ಎಷ್ಟೋ ಕಡೆ ಹೋಗಿ ಬಂದಿದ್ದರು. ಅವರಲ್ಲಿ ಒಬ್ಬರಿಗೂ ಅದರಿಂದ ನೋವಾದದ್ದು ಅವನಿಗೆ ಗೊತ್ತಿರಲಿಲ್ಲ. ಅವನು ಅವಳನ್ನೇ ನೋಡುತ್ತ ಕೂತ.

ಎರಡನೆಯ ಸುತ್ತಿನಲ್ಲಿ, ಗಡಿಗೆ ಇನ್ನು ಮೂರು ಹೆಜ್ಜೆ ಇದೆ ಎನ್ನುವಾಗ, ಅವಳ ಮಂಡಿ ಮಡಿಚಿತು. ಅವಳು ಗಳ ಹಿಡಿದುಕೊಂಡು ಜೋತಾಡಿದಳು.

"ಸತ್ಯವ್ವಾ!"

ಮಡೆಪ್ಪ ಎದ್ದ. ಎದ್ದದ್ದು ಅವನಿಗೆ ತಿಳಿಯಲೇ ಇಲ್ಲ. ವಾಹೀದ ಕಿಟಕಿಯಿಂದ "ಹಿಡೀರಿ, ಅವ್ನಿಗಿ ಹಿಡೀರಿ!" ಎಂದು ಬೊಬ್ಬೆ ಹೊಡೆದ. ಇಬ್ಬರು ಮುಂದೆ ಬಂದರು. ಫಕ್ರೋದ್ದೀನ ಎರಡೂ ತೋಳು ಅಗಲಿಸಿ ಅವರನ್ನು ತಡೆದ.

"ಯಾರೂ ಕೈ ಹಚ್ಚಬ್ಯಾಡ್ರಿ. ಖುದಾನ ಆಣಿ, ಯಾರೂ ಮುಟ್ಟಬ್ಯಾಡ್ರಿ."

ಒಂದು, ಎರಡು. ಮೂರನೆಯ ಹೆಜ್ಜೆಗೆ ತೊಡೆ ನಡುಗಿತು. ಬೇವಿನ ಮರ ನೆನಪಾಗಬೇಕಾಗಿತ್ತು, ಆದರೆ ಮಡೆಪ್ಪನಿಗೆ ಆಗ ಅದಕ್ಕೆ ಪುರುಸೊತ್ತಿರಲಿಲ್ಲ. ನಾಲ್ಕು, ಐದು, ಆರು. ಏಳನೆಯ ಹೆಜ್ಜೆಗೆ ಅವನ ಕೈ ಅವಳ ರಟ್ಟೆ ಹಿಡಿಯಿತು. ಫಕ್ರೋದ್ದೀನ ಓಡಿಬಂದು ಅವಳ ಹಿಂದೆ ಸ್ಟೂಲು ಸರಿಸಿ ಕೂಡಿಸಿದ.

ಸತ್ಯಮ್ಮ ಗಂಡನ ಕಾಲು ನೋಡಿದಳು, ಮುಖ ನೋಡಿದಳು. ಬೆವೆತು ಹೋಗಿದ್ದ ತನ್ನ ಮುಷ್ಟಿ ಬಿಚ್ಚಿ ಆ ಬೀಜವನ್ನು ಅವನ ಅಂಗೈಗೆ ಹಾಕಿದಳು. ಫಕ್ರೋದ್ದೀನ ಗಡಿಗೆ ಮಗುಚಿ, ಮೊದಲ ಸುತ್ತಿನಲ್ಲಿ ಅವಳು ಹಾಕಿದ್ದ ಬೀಜವನ್ನು ಹೊರಗೆ ತೆಗೆದಿಟ್ಟ.

ಮಡೆಪ್ಪ ಗಳ ಹಿಡಿದು ಇನ್ನೂ ಮೂರು ಹೆಜ್ಜೆ ಹೋದ. ಬೀಜ ಖಾಲಿ ಗಡಿಗೆಯ ತಳಕ್ಕೆ ಬಿತ್ತು. ಆ ಟಕ್ ಎಂಬ ಸದ್ದಿಗೆ ಫಕ್ರೋದ್ದೀನ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡ.

ಮರುದಿನ ನಾಲ್ಕು ಬೀಜ ಬಿದ್ದವು, ಅದರ ಮರುದಿನ ಒಂಬತ್ತು. ಯುಗಾದಿಯ ಹಿಂದಿನ ದಿನ ಡಾಕ್ಟರರು ಕುರ್ಚಿ ಹಾಕಿಕೊಂಡು ಕೂತರು. ಮಡೆಪ್ಪ ಮಧ್ಯಾಹ್ನ ಶುರುಮಾಡಿದ, ಹೊತ್ತು ಇಳಿದರೂ ಮುಗಿಯಲಿಲ್ಲ. ಪ್ರತಿ ಮೂರು ಸುತ್ತಿಗೊಮ್ಮೆ ಕೂತು ಸುಧಾರಿಸಿಕೊಳ್ಳುತ್ತಿದ್ದ. ಹೈದರಾಬಾದಿನ ರೈಲು ಹೋಗುವ ಹೊತ್ತಾಯಿತೆಂದು ಡಾಕ್ಟರರಿಗೆ ನೆನಪಿಸಿದರೆ, "ಹೋಗ್ಲಿ ಬಿಡ್ರಿ, ಹದಿನೇಳು ಆಗ್ಯಾವ," ಎಂದರು. ಇಪ್ಪತ್ತನೆಯದು ಬಿದ್ದಾಗ ಇಡೀ ವಾರ್ಡು ತಾಟು ಬಡಿಯಿತು. ಮೂರು ಮೆಟ್ಟಿಲು ಹತ್ತಿ ಇಳಿದದ್ದನ್ನೂ ನೋಡಿದ ಮೇಲೆ ಡಾಕ್ಟರರು ಫಕ್ರೋದ್ದೀನನ ಜವಾಬಿನ ಕಾಗದವನ್ನು ಹರಿದು ಜೇಬಿಗೆ ಹಾಕಿಕೊಂಡರು. ಹೋಗುವ ಮುಂಚೆ ಸತ್ಯಮ್ಮನ ಮಂಡಿಯನ್ನೂ ಒತ್ತಿ ನೋಡಿದರು. ಮೂರು ವಾರ ಹೆಂಗಸರ ವಾರ್ಡಿನಲ್ಲಿ ಇರಬೇಕು, ತಡಮಾಡಿದರೆ ಮಂಡಿ ಕೈಬಿಡುತ್ತದೆ ಎಂದರು.

"ಹಿಂಡು ಹೋಗಬೇಕ್ರಿ. ಕುರಿ ಹಿಂದ ಯಾರು ಹೋಗ್ತಾರ?" ಎಂದಳು ಅವಳು. ಮಡೆಪ್ಪ ಅವಳ ಮಂಡಿಯನ್ನೇ ನೋಡಿದ.

ಯುಗಾದಿಯ ಮರುದಿನ ಭಾತಂಬ್ರಾದ ಜನ ಬಾಗಿಲಲ್ಲಿ ನಿಂತು ನೋಡಿದರು. ಹಿಂಡುಗಳ ಮುಂದೆ ಮಡೆಪ್ಪ ಬಡಿಗೆ ಊರಿಕೊಂಡು, ತುಸು ಬಲಕ್ಕೆ ವಾಲಿ, ತನ್ನ ಕಾಲ ಮೇಲೆ ತಾನೇ ನಡೆದ. ಕುರಿಗಳು ಅವನಷ್ಟೇ ನಿಧಾನವಾಗಿ ಹಿಂದೆ ಬಂದವು. ಹಿರಿಯರು ಕೈ ಎತ್ತಿದರು. ಊರ ಸೀಮೆಯ ಕಲ್ಲು ಬಂತು. ಮಡೆಪ್ಪ ಅಲ್ಲಿ ನಿಂತು, ಬಡಿಗೆಯನ್ನು ವೈಜಿನಾಥನ ಕೈಗೆ ಕೊಟ್ಟ.

"ಈ ಸಲ ನೀ ನಡಿ, ವೈಜ್ಯಾ. ಬಡಿಗಿ ನಂದೇ, ಬಂದು ತಗೋತೀನಿ."

"ನೀವು ಎಲ್ಲಿಗಿ ಮಾವ?"

"ನಂಗ ಬೀದರದಾಗ ಕೆಲ್ಸ ಅದ. ಬದ್ಲಿ ಆಗಂಗಿಲ್ಲ."

ಎರಡು ದಿನದ ಮೇಲೆ ಅದೇ ವರಾಂಡದಲ್ಲಿ ಸತ್ಯಮ್ಮ ಗಳ ಹಿಡಿದು ನಿಂತಳು. ಬೆಂಚಿನ ಮೇಲೆ ಮಡೆಪ್ಪ. ಅವಳು ಹೆಜ್ಜೆ ಇಟ್ಟು ಹಲ್ಲು ಕಚ್ಚಿದರೆ ಇವನ ಮುಖ ಕಿವುಚಿಕೊಳ್ಳುತ್ತಿತ್ತು. ಕೊನೆಗೆ ತಡೆಯಲಾರದೆ ಫಕ್ರೋದ್ದೀನನ ಕೋಟಿನ ತುದಿ ಎಳೆದ.

"ಸಾಹೇಬ್ರ, ಒಂದೇ ಒಂದು ಸುತ್ತು. ಆಕಿ ಬದ್ಲಿ ನಾ..."

ಫಕ್ರೋದ್ದೀನ ಬರೀ ತಿರುಗಿ ನೋಡಿದ.

ಮಡೆಪ್ಪ ಕೈ ಎರಡೂ ಮಡಿಲಲ್ಲಿಟ್ಟುಕೊಂಡು ಸುಮ್ಮನಾದ. ಮಾಡಲು ಬೇರೆ ಕೆಲಸವಿರಲಿಲ್ಲವಾದ್ದರಿಂದ ಅವಳನ್ನೇ ನೋಡತೊಡಗಿದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನೋವಾದಾಗ ಅವಳು ಕೆಳದುಟಿ ಒಳಗೆ ಎಳೆದುಕೊಳ್ಳುತ್ತಿದ್ದಳು. ಗಲ್ಲದ ಮೇಲೆ ಒಂದು ಸಣ್ಣ ಮಚ್ಚೆ ಇತ್ತು, ಅದು ಮೊದಲಿಂದಲೂ ಇತ್ತೇನೋ. ಮೂವತ್ತು ವರ್ಷದ ಹಿಂದೆ ಸೋದರಮಾವ ಹೋಗಿ ನೋಡಿ ಬಂದಿದ್ದ ಹುಡುಗಿಯನ್ನು ಮಡೆಪ್ಪ ಈಗ ತಾನೇ ಕೂತು ನೋಡುತ್ತಿದ್ದ.

ಸತ್ಯಮ್ಮ ಆ ತುದಿ ಮುಟ್ಟಿ, ಬೀಜ ಗಡಿಗೆಗೆ ಹಾಕಿ, ಇವನ ಕಡೆ ತಿರುಗಿ ನಕ್ಕಳು.

"ಒಂದು," ಎಂದ ಮಡೆಪ್ಪ.